ಏಳು ಗಂಟೆಗೇ ಮುಳುಗಿದ ಸೂರ್ಯ

ಈ ವರ್ಷ ಜುಲೈ ಕೊನೆಯಿಂದ ಸೆಪ್ಟೆಂಬರ್ ಎರಡನೇ ವಾರದವರೆಗೆ ನಮ್ಮ ಜಿಲ್ಲೆಯಲ್ಲಿ ಸೂರ್ಯ ದಿನಾ ಸರಿಯಾಗಿ ಏಳು ಗಂಟೆಗೆ ಮುಳುಗಿದ. ಒಂದು ನಿಮಿಷ ಹಿಂದೆ ಇಲ್ಲ, ಮುಂದೆ ಇಲ್ಲ.

ನಂಬಿಕೆ ಬರದಿದ್ದರೆ ಹಳೆಯ ಪೇಪರು ತೆಗೆದು ನೋಡಿ. ಎರಡನೇ ಪುಟ, ಎಡಗಡೆ ಮೂಲೆ, ತಿಥಿ-ನಕ್ಷತ್ರದ ಸಣ್ಣ ಚೌಕ. ಅದನ್ನು ಬರೆದುಕೊಡುವವನು ನಾನೇ.

ತಿಥಿ ದಿನಾ ಬದಲಾಗುತ್ತದೆ. ಹಾಗಾಗಿ ಪಂಚಾಂಗ ನೋಡಿ ದಿನಾ ಬರೆಯುತ್ತೇನೆ. ಸೂರ್ಯ ಹಾಗಲ್ಲ. ದಿನಕ್ಕೆ ಅರ್ಧ ನಿಮಿಷ ಸರಿಯುವ ಆಸಾಮಿ, ವಾರಕ್ಕೊಮ್ಮೆ ತಿದ್ದಿದರೆ ಸಾಕು. ನಮ್ಮ ಪ್ರೆಸ್ಸಿನಲ್ಲಿ ಆ ಸಾಲಿನ ಅಚ್ಚಿನ ಮೊಳೆಗಳನ್ನು ಬಿಚ್ಚುವುದೇ ಇಲ್ಲ. ಕಟ್ಟಿಟ್ಟದ್ದು ಹಾಗೇ ಇರುತ್ತದೆ, ನಾನು ಹೇಳಿದ ದಿನ ಅಂಕಿ ಬದಲಾಗುತ್ತದೆ. ನಾನು ಆರು ವಾರ ಹೇಳಲಿಲ್ಲ. (ಶಾಸಕರ ಇನಿಶಿಯಲ್ ತಪ್ಪಾದರೆ ಎರಡು ದಿನ ನಿದ್ದೆ ಬಿಡುವವನು ಇದೇ ನಾನು.)

ಒಂದೇ ಒಂದು ದೂರು ಬರಲಿಲ್ಲ. ಯಾಕೆ ಬರಬೇಕು? ಕಾಪುವಿನ ಮೀನುಗಾರರು ಸೂರ್ಯನನ್ನು ಪೇಪರಿನಲ್ಲಿ ಹುಡುಕುತ್ತಾರಾ? ಮಸೀದಿಗೆ ಅದರದ್ದೇ ಸಮಯಪಟ್ಟಿ ಉಂಟು. ಆ ಅಂಕಿಯನ್ನು ನಂಬಿ ಬದುಕುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ. ಕಾರ್ಕಳದ ನನ್ನ ಅಮ್ಮ.

ನಮ್ಮದು ಜೈನರ ಮನೆ, ಅದರಲ್ಲೂ ಕಟ್ಟುನಿಟ್ಟಿನದು. ನೀರು ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು. ಮಣ್ಣಿನ ಅಡಿಯಲ್ಲಿ ಬೆಳೆದದ್ದು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಊರಿನ ಮಕ್ಕಳೆಲ್ಲ ಗದ್ದೆಯಲ್ಲಿ ಚೆಂಡಾಡುವ ಹೊತ್ತಿಗೆ ನಾವು ಕೈ ತೊಳೆದು ಎಲೆಯ ಮುಂದೆ. ಗೋಲು ಹೊಡೆಯುವ ಹೊತ್ತಿಗೆ ಸರಿಯಾಗಿ ಅಮ್ಮನ ಕರೆ. ನಾನು ಬಾಲ್ಯದಲ್ಲಿ ಒಂದು ಮ್ಯಾಚನ್ನೂ ಕೊನೆಯವರೆಗೆ ಆಡಿಲ್ಲ.

ಆಮೇಲೆ ಉಡುಪಿಗೆ ಕಾಲೇಜಿಗೆ ಬಂದೆ. ಮೊದಲ ವರ್ಷವೇ ಧರ್ಮ ಬಿಟ್ಟೆ. ನನ್ನ ವೈಚಾರಿಕತೆಗೆ ದೊಡ್ಡ ದೊಡ್ಡ ಗ್ರಂಥಗಳು ಕಾರಣ ಎಂದು ಇದೇ ಅಂಕಣದಲ್ಲಿ ಹಿಂದೆ ಬರೆದದ್ದುಂಟು. ಅದು ಸುಳ್ಳು. ಕಾರಣ ಆಲೂಗಡ್ಡೆ. ಮಸಾಲೆ ದೋಸೆಯ ಊರಿನಲ್ಲಿ ಮಸಾಲೆ ತೆಗೆದಿಟ್ಟು ದೋಸೆ ಮಾತ್ರ ಎಷ್ಟು ದಿನ ತಿನ್ನುವುದು? ಉಡುಪಿಯಲ್ಲಿ ಕಾರ್ಕಳದವರು ಯಾರಾದರೂ ಕಂಡಾರು ಎಂದು ಬಸ್ಸು ಹತ್ತಿ ಕಟಪಾಡಿಗೆ ಹೋದೆ. ಹೋಟೆಲಿನ ಒಳಗಿನ ಮೂಲೆಯ ಮೇಜಿನಲ್ಲಿ ಕುಳಿತರೆ ಎದುರಿನ ಮೂಲೆಯಲ್ಲಿ ನನ್ನ ಸೋದರಮಾವ, ಅವರ ತಟ್ಟೆಯಲ್ಲಿ ಬಿಸಿ ಬಿಸಿ ಕರಿದ ನೀರುಳ್ಳಿ ಬಜೆ. ಅವರು ನನ್ನನ್ನು ಕಾಣಲಿಲ್ಲ, ನಾನು ಅವರನ್ನು ಕಾಣಲಿಲ್ಲ. ಇಂದಿನವರೆಗೂ ಕಂಡಿಲ್ಲ.

ಹೀಗೆ ನಾಸ್ತಿಕನಾದವನು ಮಣಿಪಾಲಕ್ಕೆ ಬಂದು ಪತ್ರಿಕೆ ಸೇರಿದೆ. ತಲೆ ಬದಲಾಯಿತು, ಹೊಟ್ಟೆ ಬದಲಾಗಲಿಲ್ಲ. ಈಗಲೂ ಸಂಜೆ ಐದೂವರೆಗೆ ಹಸಿವು. ಉಳಿದವರು ಚಾ ಕುಡಿಯುವ ಹೊತ್ತಿಗೆ ನಾನು ಬುತ್ತಿ ಬಿಚ್ಚುತ್ತೇನೆ. ನಮ್ಮ ಪ್ರೆಸ್ಸಿನ ಫೋರ್‌ಮನ್ ಸಂಜೀವಣ್ಣ ದಿನಾ ಕೇಳುವುದು ಒಂದೇ ಪ್ರಶ್ನೆ.

"ಎಂತ ಮಾರಾಯ್ರೆ, ಸೂರ್ಯ ಇನ್ನೂ ಮಲ್ಪೆ ದಾಟಲಿಲ್ಲ, ನಿಮ್ಮ ಬುತ್ತಿ ಆಗಲೇ ಖಾಲಿಯಾ? ಧರ್ಮ ಬಿಟ್ಟವರೇ ಹೀಗಾದರೆ ಇದ್ದವರು ಎಷ್ಟು ಹೊತ್ತಿಗೆ ಉಣ್ಣುವುದು?"

ಇನ್ನು ಅಮ್ಮನ ವಿಷಯ. ಅಪ್ಪ ಇರುವಾಗ ಮನೆಯಲ್ಲಿ ಗಡಿಯಾರದ ಅಗತ್ಯವಿರಲಿಲ್ಲ. ಅವರು ಅಂಗಳಕ್ಕೆ ಇಳಿದು ಅಂಗೈ ಚಾಚಿ ನೋಡುತ್ತಿದ್ದರು. ಗೆರೆ ಸ್ಪಷ್ಟವಾಗಿ ಕಂಡರೆ ಹೊತ್ತು ಉಂಟು, ಮಸುಕಾದರೆ ಇಲ್ಲ. ಅಪ್ಪ ತೀರಿಕೊಂಡು ಎರಡು ವರ್ಷ. ಅಮ್ಮನ ಕಣ್ಣಿಗೆ ಪೊರೆ ಬಂದಿದೆ. ಅವರಿಗೆ ಅಂಗೈಯ ಗೆರೆ ಮಧ್ಯಾಹ್ನವೂ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಕಾರ್ಕಳದಲ್ಲಿ ಕಣ್ಣಿದ್ದವರಿಗೂ ಸೂರ್ಯ ಕಾಣುವುದಿಲ್ಲ. ಹಾಗಾಗಿ ಬೆಳಿಗ್ಗೆ ಅಮ್ಮನ ಜೊತೆಗಿರುವ ಅತ್ತಿಗೆ ಎರಡನೇ ಪುಟದ ಅಂಕಿ ಓದಿ ಹೇಳುವುದು, ಸಂಜೆ ಗಡಿಯಾರ ನೋಡಿ ಹೇಳುವುದು. ಅಂಕಿಗೆ ಕಾಲು ಗಂಟೆ ಮೊದಲು ಅಮ್ಮನ ಊಟ ಮುಗಿದಿರುತ್ತದೆ. ಎಂಟು ವರ್ಷದ ಹುಡುಗಿಯಾಗಿದ್ದಾಗ ಹಿಡಿದ ನೇಮ. ಬಾಣಂತನದಲ್ಲೂ ತಪ್ಪಿಸಿದವರಲ್ಲ.

ಅಮ್ಮನ ಊಟ ನನ್ನ ಅಂಕಿಯ ಮೇಲೆ ನಡೆಯುವುದು ನನಗೆ ಗೊತ್ತಾದದ್ದು ಕಳೆದ ತಿಂಗಳ ಒಂದು ಆದಿತ್ಯವಾರ. ರಜೆಯೆಂದು ಕಾರ್ಕಳಕ್ಕೆ ಹೋಗಿದ್ದೆ. ಮಳೆ ಬಿಟ್ಟು ಆಕಾಶ ತೊಳೆದಿಟ್ಟಂತೆ ಇತ್ತು. ಅಮ್ಮ ಗಂಜಿ ಉಣ್ಣುತ್ತಿದ್ದರು. ಪಡುವಣ ಕಿಟಕಿಯಲ್ಲಿ ನಾನು ನೋಡುತ್ತಿದ್ದಂತೆ ಸೂರ್ಯ ಮುಳುಗಿದ. ಗೋಡೆಯ ಗಡಿಯಾರದಲ್ಲಿ ಆರು ಮೂವತ್ತೇಳು. ಬಟ್ಟಲಿನಲ್ಲಿ ಇನ್ನೂ ಅರ್ಧ ಗಂಜಿ.

"ಅಮ್ಮ, ಹೊತ್ತಾಯಿತೇನೋ," ಅಂದೆ.

"ಇಲ್ಲ ಮಗ. ಏಳಕ್ಕೆ ಅಲ್ವಾ? ನಿನ್ನ ಪೇಪರಿನಲ್ಲೇ ಉಂಟು."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. "ಕತ್ತಲಾಯಿತು ಅತ್ತೆ ಅಂತ ನಾನು ವಾರದಿಂದ ಹೇಳುವುದು. ನಾನು ಹೇಳಿದರೆ ಆದೀತಾ? ಪೇಪರು ಮಗನದ್ದಲ್ವಾ."

ನಾನು ಮಾಡಿದ್ದು ಇಷ್ಟು. ಎದ್ದುಹೋಗಿ ಕಿಟಕಿಗೆ ಬೆನ್ನು ಕೊಟ್ಟು ನಿಂತೆ. ಕಣ್ಣು ಕಾಣದ ಅಮ್ಮನಿಂದ ಸೂರ್ಯಾಸ್ತವನ್ನು ಮರೆಮಾಡಲು. ಅವರು ನಿಧಾನವಾಗಿ ಗಂಜಿ ಮುಗಿಸಿ ಕೈ ತೊಳೆಯುವವರೆಗೂ ಅಲ್ಲೇ ನಿಂತಿದ್ದೆ.

ಮರುದಿನ ಆಫೀಸಿನಲ್ಲಿ ಲೆಕ್ಕ ಹಾಕಿದೆ. ಊಟ ಮುಗಿಯುವುದು ಆರೂ ಮುಕ್ಕಾಲಿಗೆ, ಅಂದರೆ ಅಮ್ಮ ಹನ್ನೆರಡು ದಿನಗಳಿಂದ ಹೊತ್ತು ಮುಳುಗಿದ ಮೇಲೂ ಉಣ್ಣುತ್ತಿದ್ದರು. ಕೂಡಲೇ ಅಂಕಿ ಬದಲಾಯಿಸಲು ಹೇಳಿದೆ. ಸಂಜೀವಣ್ಣ ಚೀಟಿ ನೋಡಿ ತಲೆ ಕೆರೆದುಕೊಂಡರು.

"ಒಂದೇ ದಿನದಲ್ಲಿ ಏಳರಿಂದ ಆರು ಮೂವತ್ತಾರಕ್ಕೆ ಇಳಿಸುವುದಾ? ಜನರಿಗೆ ಗೊತ್ತಾಗುತ್ತದೆ ಮಾರಾಯ್ರೆ. ದಿನಕ್ಕೆ ಎರಡೆರಡು ನಿಮಿಷ ಇಳಿಸುವ. ಯಾರಿಗೂ ಸಂಶಯ ಬಾರದು."

ಒಪ್ಪಿಕೊಳ್ಳುತ್ತೇನೆ, ಐಡಿಯಾ ಚೆನ್ನಾಗಿತ್ತು. ಒಂದು ಕ್ಷಣ ನಾನು ಕಾಗದದ ಮೇಲೆ ಆರು ಐವತ್ತೆಂಟು ಎಂದು ಬರೆದೂ ಬಿಟ್ಟಿದ್ದೆ. ನಮ್ಮ ಮಾನ ಉಳಿಯುತ್ತದೆ. ಅಮ್ಮ ಮಾತ್ರ ಇನ್ನೊಂದು ವಾರ ತಪ್ಪು ಹೊತ್ತಿಗೆ ಉಣ್ಣುತ್ತಾರೆ. ಬರೆದದ್ದನ್ನು ಹೊಡೆದುಹಾಕಿ ನಿಜದ ಅಂಕಿಯನ್ನೇ ಕೊಟ್ಟೆ. ಜೊತೆಗೆ ಒಂದು ಸಾಲಿನ ತಿದ್ದುಪಡಿ ಬರೆದು ಸುದ್ದಿ ಸಂಪಾದಕರ ಮೇಜಿಗೆ ಒಯ್ದೆ.

"ಯಾರು ದೂರು ಕೊಟ್ಟದ್ದು?" ಅವರು ತಲೆ ಎತ್ತಲಿಲ್ಲ.

"ಯಾರೂ ಇಲ್ಲ. ನನ್ನ ತಾಯಿಗೆ ತೊಂದರೆ ಆಗಿದೆ."

"ತಾಯಿಗೆ ಮನೆಯಲ್ಲಿ ಹೇಳಿ. ಸೂರ್ಯನಿಗೆ ತಿದ್ದುಪಡಿ ಹಾಕಿದ ಪತ್ರಿಕೆ ಉಂಟಾ ಎಲ್ಲಿಯಾದರೂ?"

ಮಂಗಳವಾರ ಬೆಳಿಗ್ಗೆ ಹಿರಿಯಡಕದ ದಾರಿಯಾಗಿ ಕಾರ್ಕಳಕ್ಕೆ ಹೋಗುವ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಭಾಷಣ ತಯಾರಿಸಿದೆ. ರಾತ್ರಿ ಊಟ ಬೇಡ ಎಂದದ್ದು ಎಣ್ಣೆ ದೀಪದ ಕಾಲದಲ್ಲಿ, ಹುಳಹುಪ್ಪಟೆ ಅನ್ನಕ್ಕೆ ಬಿದ್ದು ಸಾಯಬಾರದೆಂದು. ಈಗ ಮನೆಯಲ್ಲಿ ಕರೆಂಟು ಉಂಟು. ಹತ್ತು ನಿಮಿಷದಲ್ಲಿ ಯಾವ ಜೀವಕ್ಕೆ ಏನಾಯಿತು? ಬಸ್ಸಿನಲ್ಲಿ ಅದು ಬಹಳ ಚೆನ್ನಾಗಿತ್ತು. ಅಮ್ಮನ ಎದುರು ನೆನಪಾದದ್ದು, "ಅಂಕಿ ತಪ್ಪಿತ್ತು ಅಮ್ಮ, ನಾನು ಬದಲಾಯಿಸಲಿಲ್ಲ," ಎಂಬುದು ಮಾತ್ರ.

ಅಮ್ಮ ಕೇಳಿದರು, "ಎಷ್ಟು ದಿನ?"

"ಆದಿತ್ಯವಾರಕ್ಕೆ ಹನ್ನೆರಡು. ನಿನ್ನೆಯ ಪೇಪರು ಮೊದಲೇ ಅಚ್ಚಾಗಿತ್ತು, ಅದೂ ಸೇರಿ ಹದಿಮೂರು."

"ಆದಿತ್ಯವಾರ ನೀನು ಇಲ್ಲೇ ಇದ್ದೆಯಲ್ಲ. ನಿನಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಹೇಳಲಿಲ್ಲ."



ಅಮ್ಮ ಹದಿಮೂರು ದಿನ ಒಪ್ಪತ್ತು ಮಾಡುವುದೆಂದು ನಿಶ್ಚಯಿಸಿದರು. ಮಧ್ಯಾಹ್ನ ಮಾತ್ರ ಊಟ. ನಾನು ಗಾಬರಿಯಾದೆ. ಈ ವಯಸ್ಸಿನಲ್ಲಿ ಬೇಡ, ಬಸದಿಯ ಇಂದ್ರರನ್ನು ಒಂದು ಮಾತು ಕೇಳುವ, ಅವರು ಬೇರೆ ದಾರಿ ಹೇಳಿಯಾರು ಅಂದೆ. (ಇಂದ್ರರು ಅಂದರೆ ನಮ್ಮ ಪೂಜೆಯವರು. ನಾಸ್ತಿಕನಿಗೆ ಪುರೋಹಿತರ ನೆನಪಾದದ್ದು ಗಮನಿಸಿ.)

"ಅವರಿಗೂ ನಿನ್ನ ಪೇಪರೇ ಬರುವುದು," ಅಂದರು ಅಮ್ಮ.

"ತಪ್ಪು ನನ್ನದು. ನೀವು ಯಾಕೆ ಉಪವಾಸ ಮಾಡುವುದು? ನಾನು ಮಾಡುತ್ತೇನೆ."

"ಒಬ್ಬರದ್ದು ಇನ್ನೊಬ್ಬರು ತೀರಿಸಲಿಕ್ಕೆ ಆಗುವುದಿಲ್ಲ ಮಗ. ಉಂಡದ್ದು ನಾನು, ನನ್ನದು ನಾನು ಮಾಡುತ್ತೇನೆ. ನಿನಗೆ ಮಾಡಬೇಕು ಅಂತ ಕಂಡರೆ ಮಾಡು. ಹನ್ನೊಂದು ದಿನದ್ದು ಮರೆವು. ಅದಕ್ಕೆ ನಾನು ಏನೂ ಹೇಳುವುದಿಲ್ಲ. ಆದರೆ ಕಡೆಯ ಎರಡು ನೀನು ಗೊತ್ತಿದ್ದೂ ಉಣ್ಣಿಸಿದ್ದು."

ಬೈದಿದ್ದರೆ ವಾದಿಸಬಹುದಿತ್ತು.

ಹೀಗೆ ನಾನು, ಹದಿನೈದು ವರ್ಷಗಳ ನಾಸ್ತಿಕ, ಹೊತ್ತು ಮುಳುಗಿದ ಮೇಲೆ ಬಾಯಿಗೆ ನೀರೂ ಹಾಕದೆ ಹದಿಮೂರು ದಿನ ಡ್ಯೂಟಿ ಮಾಡಿದೆ. ಹಸಿವು ದೊಡ್ಡ ವಿಷಯವಾಗಿರಲಿಲ್ಲ. ಹೊಟ್ಟೆ ಹೇಗೂ ಕಾರ್ಕಳದ್ದೇ ಅಲ್ವಾ. ಕಷ್ಟವಾದದ್ದು ಎಂಟು ಗಂಟೆಯ ಚಾ. ಸಂಜೀವಣ್ಣ ದಿನಾ ಗ್ಲಾಸನ್ನು ನನ್ನ ಮೂಗಿನ ಮುಂದೆ ದಾಟಿಸಿ ತೆಗೆದುಕೊಂಡು ಹೋಗಿ, "ಇದು ಸೋಸಿದ್ದೇ, ಬೇಕಾ?" ಎಂದು ಕೇಳುತ್ತಿದ್ದರು.

ಅಮ್ಮ ಹದಿಮೂರನ್ನೂ ಮುಗಿಸಿದರು. ಆರೋಗ್ಯವಾಗಿದ್ದಾರೆ. ನನಗಿಂತ ಚೆನ್ನಾಗಿಯೇ ಇದ್ದಾರೆಂದು ಅತ್ತಿಗೆಯ ವರದಿ. ತಿದ್ದುಪಡಿ ಅಚ್ಚಾಗಲೇ ಇಲ್ಲ. ಹಾಗಾಗಿ ಈ ಅಂಕಣವನ್ನೇ ಆ ಒಂದು ಸಾಲು ಎಂದು ಓದಿಕೊಳ್ಳಿ.

ಕೊನೆಯ ದಿನದ ಒಂದು ಸಂಗತಿ ಬಾಕಿ ಉಂಟು. ಅಂದು ಸಂಜೆ ಮೋಡ. ಹೊರಡುವ ಗಡಿಬಿಡಿಯಲ್ಲಿ ಬುತ್ತಿ ಮನೆಯಲ್ಲೇ ಉಳಿದಿತ್ತು. ಯಾರೋ ಕ್ಯಾಂಟೀನಿನಿಂದ ಬಿಸಿ ಆಲೂಗಡ್ಡೆ ಬೋಂಡ ತರಿಸಿದರು. ಗೋಡೆಯ ಗಡಿಯಾರದಲ್ಲಿ ಆರು ಇಪ್ಪತ್ತನಾಲ್ಕು. ಎರಡನೇ ಪುಟ ತೆರೆದು ನೋಡಿದೆ, ಸೂರ್ಯಾಸ್ತ ಆರು ಇಪ್ಪತ್ತಾರು. ಎರಡು ನಿಮಿಷ ಉಂಟು. ಬೋಂಡ ಬಾಯಿಯವರೆಗೆ ಬಂತು. ಯಾಕೋ ಕೈ ನಿಂತಿತು.

"ಸಂಜೀವಣ್ಣ, ಇವತ್ತಿನ ಈ ಅಂಕಿ ಸರಿ ಉಂಟಲ್ವಾ?"

"ನನಗೆ ಎಂತ ಗೊತ್ತು? ಬರೆದುಕೊಟ್ಟದ್ದು ನೀವಲ್ವಾ?"

ಬೋಂಡವನ್ನು ತಟ್ಟೆಗೇ ಹಿಂದಿರುಗಿಸಿದೆ.