ನಂಬದವಳಿಗೆ ಇಲ್ಲೇನು ಕೆಲಸ?

ಅಕ್ಕನನ್ನು ದೇವಿಗೆ ಬಿಟ್ಟಾಗ ನನಗೆ ಹತ್ತು ವರ್ಷ. ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಅಂಥದೊಂದು ಬಸ್ಸಿನಲ್ಲಿ ನಾವೆಲ್ಲ ಕುರುಗೋಡಿನಿಂದ ಸಿರುಗುಪ್ಪಕ್ಕೆ ಹೋದೆವು. ದಾರಿಯುದ್ದಕ್ಕೂ ಅಕ್ಕ ನನ್ನ ಕಣ್ಣಿಗೆ ಹೊಗೆ ಬಡಿಯದಂತೆ ತನ್ನ ಸೆರಗನ್ನು ಅಡ್ಡ ಹಿಡಿದು ಕೂತಿದ್ದಳು. ಅದು ಹೊಸ ಸೀರೆ. ಮದುವೆಗೆ ಉಡಿಸುವಂಥದ್ದು.

ನಮ್ಮ ಮನೆಯಲ್ಲಿ ಗಂಡು ಸಂತಾನ ಉಳಿಯಲಿಲ್ಲ. ಅವ್ವ ಹೆತ್ತ ಗಂಡು ಕೂಸುಗಳೆಲ್ಲ ತೊಟ್ಟಿಲು ದಾಟಲಿಲ್ಲ. ಒಂದಾದರೂ ಉಳಿದೀತು ಎಂದು ಕಾಯುತ್ತ ಅಕ್ಕನ ಮದುವೆಯನ್ನು ಮುಂದೂಡಿದರು. ಕೊನೆಯ ಕೂಸೂ ಹೋದ ಮೇಲೆ ಅಜ್ಜಿ ತೀರ್ಮಾನ ಹೇಳಿದಳು: ದೊಡ್ಡವಳನ್ನು ಬಸವಿ ಬಿಡುವುದು. ನಮ್ಮ ಕಡೆ ಬಸವಿ ಎಂದರೆ ಮನೆಯ ಗಂಡುಮಗನ ಜಾಗದಲ್ಲಿ ನಿಲ್ಲುವ ಹೆಣ್ಣು. ಅವಳು ದೇವಿಯ ಹೆಸರಿನ ಮುತ್ತಿನ ಸರ ಕಟ್ಟಿಸಿಕೊಂಡು ತವರಿನಲ್ಲೇ ಇರಬೇಕು, ಹೊಲಮನೆ ನೋಡಿಕೊಳ್ಳಬೇಕು, ತಂದೆತಾಯಿಯ ಮಣ್ಣು ಮಾಡಬೇಕು. ಅವಳಿಗೆ ಗಂಡನೆಂಬವನು ಇರುವುದಿಲ್ಲ. ಆದರೆ ಗಂಡಸರು ಬರುತ್ತಾರೆ. ಹುಟ್ಟಿದ ಮಕ್ಕಳು ಅವಳ ಅಪ್ಪನ ಮನೆತನದ ಹೆಸರು ಹೊರುತ್ತವೆ. ಮನೆತನ ಉಳಿಯುತ್ತದೆ. ಎಲ್ಲವೂ ಬಹಳ ಅಚ್ಚುಕಟ್ಟು. ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಲಾಭ.

ಗುಡಿಯಲ್ಲಿ ಅಕ್ಕನನ್ನು ಮದುಮಗನ ಜಾಗದಲ್ಲಿಟ್ಟ ಒಂದು ಕತ್ತಿಯ ಪಕ್ಕ ಕೂರಿಸಿ ಅಕ್ಷತೆ ಹಾಕಿದರು. ನಾನು ಅಜ್ಜಿಯನ್ನು ಕೇಳಿದೆ, "ಅಕ್ಕನ ಗಂಡ ಯಾರಬೇ?"

"ದೇವ್ರು."

"ಆತ ಮನಿಗೆ ಬರ್ತಾನೇನು?"

ಅಜ್ಜಿ ನನ್ನ ತಲೆಗೆ ಮೊಟಕಿದಳು. ಸುತ್ತಲಿದ್ದ ಹೆಂಗಸರು ನಕ್ಕರು. ಅಕ್ಕ ನಗಲಿಲ್ಲ.

ದೇವರು ಒಂದು ದಿನವೂ ನಮ್ಮ ಮನೆಗೆ ಬರಲಿಲ್ಲ. ಬಂದವನು ಊರಿನ ಒಬ್ಬ ಸಾಹುಕಾರ. ಅವನು ಮೆಟ್ಟು ಬಿಟ್ಟು ಒಳಗೆ ಹೋದಾಗ ಅಪ್ಪ ಎದ್ದು ಹೊಲದ ಕಡೆ ನಡೆಯುತ್ತಿದ್ದ. ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಆಮೇಲೆ ಸಾಹುಕಾರ ಬರುವುದನ್ನು ನಿಲ್ಲಿಸಿದ. ಅದೂ ದೇವಿಯ ಇಚ್ಛೆಯೇ ಎಂದರು. ನಾನು ನಾಸ್ತಿಕಳಾದದ್ದು ಯಾವ ಪುಸ್ತಕ ಓದಿಯೂ ಅಲ್ಲ. ನಮ್ಮ ಮನೆಯ ಹೊಸ್ತಿಲಲ್ಲಿ ಬಿಟ್ಟಿದ್ದ ಆ ಮೆಟ್ಟುಗಳನ್ನು ನೋಡಿ.

ನನ್ನ ಅದೃಷ್ಟಕ್ಕೆ ಅಪ್ಪನ ತಂಗಿ, ನನ್ನ ಸೋದರತ್ತೆ, ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಆಸ್ಪತ್ರೆಯ ಆಯಾ ಆಗಿದ್ದಳು. ಅವಳು ನನ್ನನ್ನು ಕರೆದುಕೊಂಡು ಹೋಗಿ ಶಾಲೆಗೆ ಹಾಕಿದಳು. ಓದಿ, ಟ್ರೈನಿಂಗ್ ಮುಗಿಸಿ, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರಾದೆ. ಅತ್ತೆ ತೀರಿಹೋದ ಮೇಲೆ ಬ್ರೂಸ್‌ಪೇಟೆಯ ಹಳೆಯ ಮನೆಯೊಂದರ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಯಜಮಾನರು ವಕೀಲರು. ಭಾನುವಾರ ಸಂಜೆ ಅವರ ಮುಂಜಗುಲಿಯ ಮೇಲೆ ನಾಲ್ಕಾರು ಜನ ದೊಡ್ಡ ಮನುಷ್ಯರು ಸೇರಿ ಧರ್ಮದ ಚರ್ಚೆ ಮಾಡುತ್ತಿದ್ದರು. ಆತ್ಮ, ಮಾಯೆ, ಮೋಕ್ಷ. ನಡುನಡುವೆ ಮಂಡಾಳೊಗ್ಗರಣೆ, ಕಾಫಿ. ವಕೀಲರ ಹೆಂಡತಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದರು. ನಾನು ಒಂದು ಭಾನುವಾರ ಬಾಗಿಲು ದಾಟಿ ಬಂದು ಜಗುಲಿಯ ತುದಿಯಲ್ಲಿ ಕೂತೆ. ಅಂದಿನಿಂದ ಪ್ರತಿ ವಾರ ಕೂತೆ.

ಮೊದಮೊದಲು ಅವರಿಗೆ ತಮಾಷೆ. ಒಮ್ಮೆ ವಕೀಲರು ಎಲ್ಲರೆದುರು ಕೇಳಿದರು, "ಟೀಚರಮ್ಮ, ನೀವು ದೇವ್ರೇ ಇಲ್ಲಂತೀರಿ. ಮತ್ತ ದೇವ್ರ ಮಾತು ನಡ್ಯಾಕತ್ತಿದಲ್ಲಿ ನಿಮಗೇನು ಕೆಲಸರಿ? ಎಲಿ ಅಡಿಕಿ ಒಲ್ಲದವರು ಎಲಿ ಅಂಗಡ್ಯಾಗ ಕುಂತಂಗಾತಲ್ಲ!"

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಾನು ಹೇಳಿದೆ, "ಎಲಿ ಅಂಗಡಿಯವರು ನನ್ನ ಮನಿಗೆ ಬಂದು ನನ್ನ ಬಾಯಾಗ ಎಲಿ ತುರುಕೋದಿಲ್ರಿ. ತುರುಕಿದ್ರ ಅಲ್ಲೂ ಕುಂದ್ರತಿದ್ದೆ."

ಯಾರೋ ಮಾತು ಬದಲಿಸಿದರು.

ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ತೊದಲಿತು. ಅಜ್ಜಿ, ಅವ್ವ ಆಗಲೇ ಇರಲಿಲ್ಲ. ಅಕ್ಕನೇ ಹೊಲಕ್ಕೂ ಹೋಗಿ, ಅಪ್ಪನನ್ನೂ ನೋಡಿಕೊಳ್ಳುತ್ತಿದ್ದಳು. ಸಿರುಗುಪ್ಪದಲ್ಲಿದ್ದ ಅವ್ವನ ಅಣ್ಣ, ನಮ್ಮ ಸೋದರಮಾವ, ಅಪ್ಪನನ್ನು ನೋಡಲು ಬಂದವನು ಒಂದು ಸುದ್ದಿ ತಂದ. ದೇವಿ ಮುನಿದಿದ್ದಾಳೆ, ಮನೆಯಿಂದ ಇನ್ನೊಂದು ಹೆಣ್ಣು ಕೇಳುತ್ತಿದ್ದಾಳೆ, ಅಕ್ಕನಿಗೆ ಅಕ್ಷತೆ ಹಾಕಿದ್ದ ಪೂಜಾರಿಗೇ ಅಪ್ಪಣೆಯಾಗಿದೆ ಎಂದು. ಇನ್ನೊಂದು ಹೆಣ್ಣು ಎಂದರೆ ಅಕ್ಕನ ಮಗಳು. ಲಂಗದ ತುದಿ ಕಚ್ಚಿಕೊಂಡು ಕುಂಟಾಬಿಲ್ಲೆ ಆಡುವ ಹುಡುಗಿ.

ಅಕ್ಕ ನನಗೆ ಹೇಳಿ ಕಳಿಸಲಿಲ್ಲ. ಬಳ್ಳಾರಿಯ ಸಂತೆಗೆ ಬಂದಿದ್ದ ನೆರೆಮನೆಯ ಹೆಂಗಸು ಮೆಣಸಿನಕಾಯಿ ಆರಿಸುತ್ತ ನನಗೆ ಹೇಳಿದಳು. ನಾನು ಸಂತೆಯನ್ನು ಅರ್ಧಕ್ಕೇ ಬಿಟ್ಟು ಹೊರಟೆ.

ಹೆಣ್ಣುಮಕ್ಕಳನ್ನು ಹೀಗೆ ಬಿಡಬಾರದೆಂದು ಮದ್ರಾಸಿನಿಂದ ಆಗಲೇ ಕಾನೂನು ಬಂದಿತ್ತು. ನಾನು ನೇರ ವಕೀಲರ ಬಳಿಗೆ ಹೋದೆ. ಒಬ್ಬ ವಕೀಲರು ಬಂದು ಅಂಗಳದಲ್ಲಿ ನಿಂತರೆ ಸಾಕು, ಪೂಜಾರಿ ಓಡಿಹೋಗುತ್ತಾನೆ ಎಂದು ನನ್ನ ಎಣಿಕೆ. ಅವರು ಕನ್ನಡಕ ತೆಗೆದು ಒರೆಸಿದರು.

"ಕಾನೂನೇನೋ ಐತಿ. ಆದ್ರ ಹಳ್ಳಿ ಮಂದಿ ವ್ಯವಹಾರ, ನಾವು ನಡುವ ಹೋಗಬಾರದು. ಮತ್ತ ಟೀಚರಮ್ಮ, ಇದನ್ನ ಧರ್ಮ ಅಂತ ತಿಳಕೊಬ್ಯಾಡ್ರಿ. ಇದು ಆ ಜನರ ಮೂಢ ಆಚಾರ. ನಿಜವಾದ ಧರ್ಮ ಬ್ಯಾರೇನೇ ಐತಿ."

"ನಿಜವಾದ ಧರ್ಮದವರು ಯಾರಾದ್ರೂ ಹೋಗಿ ಅವರಿಗೆ ಹಂಗಂತ ಹೇಳ್ಯಾರೇನ್ರಿ?"

"ಹೇಳಿದ್ರ ಅವರು ಕೇಳ್ತಾರೇನು?"

"ಹೇಳ್ರಿ. ಒಂದು ಸಲ ಹೇಳ್ರಿ. ನಾಳಿ ಕುರುಗೋಡಿಗೆ ನನ್ನ ಜೊತಿ ಬರ್ರಿ."

ನಾಳೆ ಅವರಿಗೆ ಕೋರ್ಟಿನ ಕೆಲಸವಿತ್ತು. ಅವರ ಮೇಲೆ ನನಗೆ ಬಂದ ಸಿಟ್ಟು ಪೂಜಾರಿಯ ಮೇಲೂ ಬಂದಿರಲಿಲ್ಲ. ಪೂಜಾರಿ ತಾನು ಮಾಡುವುದನ್ನು ಧರ್ಮ ಎಂದು ಬಾಯಿಬಿಟ್ಟು ಹೇಳುತ್ತಿದ್ದ. ಇವರು ಅದು ಧರ್ಮವಲ್ಲ ಎಂದು ಕೈ ತೊಳೆದುಕೊಂಡು, ಆ ಕೈಯಲ್ಲೇ ಕಾಫಿ ಲೋಟ ಹಿಡಿದು ಮೋಕ್ಷದ ಮಾತಾಡುತ್ತಿದ್ದರು. ಅಂದು ಭಾನುವಾರ. ಸಂಜೆ ಜಗುಲಿಯ ಮೇಲೆ ಕೂತಿದ್ದವರಿಗೆಲ್ಲ ನನ್ನ ಅಕ್ಕನ ಕಥೆಯನ್ನು ಒಂದು ಮಾತೂ ಬಿಡದೆ ಹೇಳಿದೆ. ಸಾಹುಕಾರನ ಮೆಟ್ಟುಗಳ ವಿಷಯವನ್ನೂ ಹೇಳಿದೆ. ಒಬ್ಬರು "ಛೆ ಛೆ, ಹೆಣ್ಣುಮಕ್ಕಳು ಇಂಥಾವೆಲ್ಲ ಮಾತಾಡಬಾರದು" ಎಂದರು. ಯಾರೂ ಎದ್ದು ಬರಲಿಲ್ಲ. ಮರುದಿನ ನಾನೊಬ್ಬಳೇ ಬಸ್ಸು ಹತ್ತಿದೆ.

ನಾನು ತಲುಪಿದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಜನ ಕೂತಿದ್ದರು. ಸೋದರಮಾವ, ಸಿರುಗುಪ್ಪದಿಂದ ಬಂದ ಪೂಜಾರಿ, ನಮ್ಮ ಜಾತಿಯ ಇಬ್ಬರು ಹಿರಿಯರು. ಅಪ್ಪ ಮೂಲೆಯ ಹೊರಸಿನ ಮೇಲೆ ಮಲಗಿದ್ದ. ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಮಗಳು ಅವಳ ಸೀರೆಯ ಹಿಂದೆ. ಮುತ್ತು ಕಟ್ಟುವ ದಿನ ಗೊತ್ತು ಮಾಡುವ ಮಾತು ನಡೆಯುತ್ತಿತ್ತು. ನಾನು ಚಪ್ಪಲಿ ಬಿಟ್ಟು ನೇರ ನಡುವೆ ಹೋಗಿ ಕೂತೆ.

"ಇದು ಕಾನೂನಿಗೆ ವಿರುದ್ಧ ಐತಿ. ಗೊತ್ತೈತೋ ಇಲ್ಲೋ?" ಎಂದೆ.

ಮಾವ ಅಂದ, "ಕಾನೂನು ಸರ್ಕಾರದ್ದು. ಇದು ದೇವ್ರದ್ದು. ಇಲ್ಲಿ ದೇವ್ರ ಮಾತು ನಡದೈತಿ."

"ಆಗಲಿ. ದೇವ್ರ ಮಾತೇ ಆಡೋಣು. ದೇವಿ ನಿಮಗ ಹೆಂಗ ಹೇಳಿದ್ಲು, ಯಾವಾಗ ಹೇಳಿದ್ಲು, ಅದನ್ನ ಹೇಳ್ರಿ."

ಪೂಜಾರಿ ಹಿರಿಯರ ಕಡೆ ತಿರುಗಿದ. "ಈಕಿ ದೇವ್ರಿಲ್ಲ ಅನ್ನಾಕಿ. ನಂಬದಾಕಿಗೆ ಇಲ್ಲೇನು ಕೆಲಸ? ಈಕಿ ಇದ್ರ ನಾ ಮಾತಾಡಂಗಿಲ್ಲ."

ಹೀಗೆ ಅವರು ಎರಡೂ ಬಾಗಿಲು ಹಾಕಿದರು. ಕಾನೂನು ಆಡಿದರೆ ಇದು ಧರ್ಮದ ವಿಷಯ. ಧರ್ಮ ಆಡಿದರೆ ನೀನು ನಂಬುವವಳಲ್ಲ. ಬಳ್ಳಾರಿಯ ಜಗುಲಿಯಲ್ಲೂ ಇದೇ ಮಾತು, ಇಲ್ಲೂ ಇದೇ ಮಾತು.

"ನಾ ನಂಬೋದಿಲ್ಲ, ಖರೆ. ಆದ್ರ ನಾ ನಂಬೋದಿಲ್ಲ ಅಂತ ನಿಮ್ಮ ದೇವಿ ನನ್ನ ಮನಿ ಬಿಟ್ಟಾಳೇನು? ನನ್ನ ಅಕ್ಕನ್ನ ತಿಂದ್ರಿ. ಈಗ ಈ ಕೂಸಿನ್ನ ಕೇಳಾಕ ಬಂದೀರಿ. ನಂಬದಾಕಿ ಮನ್ಯಾಗ ಕುಂತು ಊಟ ಮಾಡ್ತೀರಿ, ನಂಬದಾಕಿ ಬಾಯಿ ಮುಚ್ಚಿಸ್ತೀರಿ!"

"ಲೇ, ಏಳಲೇ ಮ್ಯಾಲೆ!" ಮಾವ ಕೈ ಎತ್ತಿದ. ಮೂಲೆಯಿಂದ ಅಪ್ಪ ಏನೋ ತೊದಲಿದ. ಯಾರಿಗೂ ತಿಳಿಯಲಿಲ್ಲ. ತಿಳಿದುಕೊಳ್ಳುವ ಗೊಡವೆಗೆ ಯಾರೂ ಹೋಗಲಿಲ್ಲ.

ನಾನು ಏಳಲಿಲ್ಲ. ಅಕ್ಕನ ಕಡೆ ತಿರುಗಿದೆ. ಅಷ್ಟೊತ್ತಿನ ತನಕ ಯಾರೂ ಅವಳ ಕಡೆ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು.

"ಅಕ್ಕಾ, ನೀ ದೇವಿ ನಂಬಾಕಿ. ಆಕಿಗೆ ಕೊಟ್ಟಾಕಿ. ಮಂಗಳವಾರದ ಪೂಜಿ ತಪ್ಪಿಸಾಕಿ ಅಲ್ಲ. ನೀ ಹೇಳು. ದೇವಿ ನಿನ್ನ ಮಗಳನ್ನ ನಿನ್ನ ಹತ್ರ ಕೇಳ್ಯಾಳೇನು?"

ಅಕ್ಕ ಮಗಳ ತಲೆಯ ಮೇಲೆ ಕೈ ಇಟ್ಟಳು. ಆಮೇಲೆ ಪೂಜಾರಿಯನ್ನೇ ನೋಡುತ್ತ, ದನಿ ಏರಿಸದೆ ಹೇಳಿದಳು:

"ಇಲ್ಲ. ನನಗ ಕೇಳಿಲ್ಲ. ಈ ಮುತ್ತು ಇರೋದು ನನ್ನ ಕೊರಳಾಗ, ನಿನ್ನ ಕೊರಳಾಗಲ್ಲ. ಆಕಿಗೆ ಏನಾದ್ರೂ ಬೇಕಂದ್ರ ನನ್ನ ಕೇಳ್ತಾಳ. ನಿನಗ್ಯಾಕ ಹೇಳ್ತಾಳ? ನನ್ನ ಬಿಟ್ರಲ್ಲ, ಅವತ್ತೂ ಆಕಿ ಕೇಳಿದ್ದಿಲ್ಲ. ನೀವು ಕೇಳಿದ್ರಿ. ನನಗ ಈಗ ತಿಳೀತು."

ಪೂಜಾರಿ ಹಿರಿಯರ ಮುಖ ನೋಡಿದ. ನನ್ನನ್ನಾದರೆ ನಾಸ್ತಿಕಳೆಂದು ಎಬ್ಬಿಸಬಹುದಿತ್ತು. ಅವನೇ ಅಕ್ಷತೆ ಹಾಕಿ ದೇವಿಗೆ ಬಿಟ್ಟ ಹೆಣ್ಣನ್ನು ಏನೆಂದು ಎಬ್ಬಿಸುವುದು? ಹಿರಿಯರಲ್ಲೊಬ್ಬ, "ತಾಯಿ ಒಲ್ಲೆ ಅಂದ್ರ ಹೆಂಗ ಮಾಡಾಕ ಬರ್ತೈತಿ?" ಎಂದು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದ. ಮಾವ ಅಕ್ಕನಿಗೆ ಬಾಯಿಗೆ ಬಂದಂತೆ ಬೈದ. ಅಪ್ಪ ಸತ್ತರೆ ಅದು ನಿನ್ನ ತಲೆಯ ಮೇಲೆ ಎಂದ. ಅಕ್ಕ ಒಳಗೆ ಹೋಗಿ ಅವನ ಚೀಲ ತಂದು ಹೊಸ್ತಿಲಾಚೆ ಇಟ್ಟಳು.

ಅವರೆಲ್ಲ ಹೋದ ಮೇಲೆ ನಾನು ಕುಣಿಯುವಷ್ಟು ಖುಷಿಯಾಗಿದ್ದೆ. ಅಕ್ಕನ ಕೊರಳಿಗೆ ಕೈ ಹಾಕಿ, "ಇನ್ನ ಇದನ್ನ ತಗದು ಒಗಿ" ಎಂದೆ. ಅವಳು ನನ್ನ ಕೈ ತಳ್ಳಿದಳು.

"ಇದನ್ಯಾಕ ತಗೀಲಿ? ನಾ ಬೈದಿದ್ದು ಅವರಿಗೆ. ಆಕಿಗಲ್ಲ."

"ಇನ್ನೂ ಆಕಿ ಹೆಸರು ತಗೀತಿಯಲ್ಲ, ನಾಚಿಕಿ ಬರಂಗಿಲ್ಲೇನು?"

"ಇಷ್ಟು ವರ್ಷ ನನ್ನ ಜೊತಿ ಯಾರಿದ್ರು? ನೀ ಬಳ್ಳಾರ್ಯಾಗಿದ್ದಿ."

ಅದು ನಿಜವೇ. ಅದಕ್ಕೂ ಸಿಟ್ಟು ಬಂತು. ರೊಟ್ಟಿ ಬಡಿಯುತ್ತಲೇ ಅಕ್ಕ, ಒಲೆಯ ಮುಂದೆ ಕೂತು ನಾನು, ಕತ್ತಲಾಗುವ ತನಕ ಜಗಳವಾಡಿದೆವು. ಹುಡುಗಿ ಎರಡು ರೊಟ್ಟಿ ತಿಂದು ಅಪ್ಪನ ಹೊರಸಿನ ಬಳಿ ಮಲಗಿಬಿಟ್ಟಳು.

ಶಾಲೆ ತೆರೆದಾಗ ಹುಡುಗಿಯನ್ನು ಬಳ್ಳಾರಿಗೆ ಕರೆತಂದು ನನ್ನ ಶಾಲೆಗೇ ಸೇರಿಸಿದೆ. ಅಪ್ಪ ಆ ದೀಪಾವಳಿಗೆ ತೀರಿಕೊಂಡ. ಮಾವ ಊರೆಲ್ಲ ಹೇಳಿಕೊಂಡು ಬಂದ, ನೋಡಿದಿರಾ ಎಂದು. ಲಕ್ವ ಹೊಡೆದ ಮುದುಕ ಆರೇಳು ತಿಂಗಳು ಬದುಕಿದ್ದು ಅಕ್ಕನ ಆರೈಕೆಯಿಂದ ಎಂದು ಯಾರೂ ಹೇಳಲಿಲ್ಲ. ಮಣ್ಣು ಮಾಡಿದವಳು ಅಕ್ಕನೇ. ಬಸವಿಯಾಗಿ ಅವಳಿಗೆ ಇದ್ದ ಹಕ್ಕು ಅದು, ಯಾರೂ ತಡೆಯುವಂತಿರಲಿಲ್ಲ.

ಮರು ಬೇಸಿಗೆಯಲ್ಲಿ ಸಿರುಗುಪ್ಪದ ಒಂದು ಮನೆಯಲ್ಲಿ ಅದೇ ಪೂಜಾರಿ ಇನ್ನೊಂದು ಹುಡುಗಿಗೆ ದಿನ ಗೊತ್ತು ಮಾಡಿದ್ದಾನೆಂದು ತಿಳಿಯಿತು. ಈ ಸಲ ಸುದ್ದಿ ತಂದವಳು ಅಕ್ಕ. ಮೊದಲು ಪೊಲೀಸ್ ಠಾಣೆಗೆ ಹೋಗಿ ಬಾಯಿಬಿಟ್ಟು ದೂರು ಹೇಳಿದೆವು. "ನೋಡೋಣ ಬರ್ರಿ" ಎಂದು ಕಳಿಸಿದರು. ಆಮೇಲೆ ಆ ಮನೆಗೆ ಹೋದೆವು. ಅಕ್ಕ ದೇವಿಯ ಮಾತಾಡಿದಳು. ತನ್ನ ಕೊರಳಿನ ಸರ ತೋರಿಸಿದಳು. ತಾನು ಬದುಕಿದ ಬದುಕನ್ನು, ನನಗೂ ಎಂದೂ ಹೇಳದಿದ್ದದ್ದನ್ನು, ಆ ಹುಡುಗಿಯ ತಾಯಿಗೆ ಹೇಳಿದಳು. ನಾನು ಹುಡುಗಿಯನ್ನು ನನ್ನ ಜೊತೆ ಕಳಿಸಿ, ಓದಿಸುತ್ತೇನೆ ಎಂದೆ. ತಾಯಿ ಎಲ್ಲವನ್ನೂ ಕೇಳಿ ಅತ್ತಳು. ಅತ್ತು, ಎದ್ದು, ಬಾಗಿಲು ಹಾಕಿಕೊಂಡಳು. ವಾರದೊಳಗೆ ಆ ಹುಡುಗಿಗೆ ಮುತ್ತು ಕಟ್ಟಿದರು. ಯಾವ ಪೊಲೀಸನೂ ಬರಲಿಲ್ಲ.

ಅವತ್ತು ಆ ಮುಚ್ಚಿದ ಬಾಗಿಲ ಮುಂದಿನಿಂದ ನಾವು ಬಸ್ ನಿಲ್ದಾಣಕ್ಕೆ ಬಂದು ಬೇವಿನ ಮರದ ಕೆಳಗೆ ಕೂತೆವು. ನಾನು ದೇವಿಯನ್ನೂ, ಪೂಜಾರಿಯನ್ನೂ, ಆ ತಾಯಿಯನ್ನೂ ಒಟ್ಟಿಗೇ ಬೈಯುತ್ತಿದ್ದೆ. ಅಕ್ಕ ಪಾದದ ಧೂಳು ಒರೆಸಿಕೊಳ್ಳುತ್ತ ಕೇಳಿಸಿಕೊಂಡಳು.

"ದೇವಿನ್ನ ಯಾಕ ಬೈತಿ? ಆಕಿನ್ನ ಯಾರು ಕೇಳ್ಯಾರ?" ಎಂದಳು. ಆಮೇಲೆ, "ನದಿ ಕಡಿ ಓಣ್ಯಾಗ ಇನ್ನೊಂದು ಮನಿ ಐತಂತ. ಅವರು ಇನ್ನೂ ದಿನ ಇಟ್ಟಿಲ್ಲ. ಮಂಗಳವಾರ ಗುಡಿಗೆ ಬರ್ತಾರ. ಅಲ್ಲೇ ಹಿಡಿಯೋಣು."

"ನಾ ಗುಡಿಯಾಗ ಕಾಲಿಡಂಗಿಲ್ಲ."

"ಹೊರಗ ಕಟ್ಟಿ ಐತಿ. ಅಲ್ಲಿ ಕುಂದ್ರು. ಆದ್ರ ಬಾ."

ಮಂಗಳವಾರ ಶಾಲೆಗೆ ರಜೆ ಹಾಕಿ ಹೋದೆ. ಕಟ್ಟೆಯ ಮೇಲೆ ಕೂರಲಿಲ್ಲ. ಒಳಗೇ ಹೋದೆ. ಆ ತಂದೆತಾಯಿ ಕೈಮುಗಿದು ನಿಂತಿದ್ದಲ್ಲಿಗೇ ಹೋಗಿ, ಕೈ ಮುಗಿಯದೆ, ಅವರ ಪಕ್ಕದಲ್ಲಿ ನಿಂತು ಮಾತು ಶುರುಮಾಡಿದೆ.