ಕರೆಯದ ಅಂಗಡಿ

ಚೌಕಾಸಿ ಕಲಿಯುವವರಿಗೆ ನಾನು ಹೇಳಿಕೊಡುವ ಮೊದಲ ಪಾಠ: ಬೆಲೆ ಹೊಂದದಿದ್ದರೆ ವಸ್ತು ಕೆಳಗಿಟ್ಟು ಹೊರಟುಬಿಡಿ, ಅಂಗಡಿಯವರು ಕರೆದೇ ಕರೆಯುತ್ತಾರೆ. ಗೋವಾದ ಸಮುದ್ರದಂಡೆಯಲ್ಲಿ ಸರ, ಚೀಲ ಮಾರುತ್ತ ನಾನೇ ಎಷ್ಟೋ ಗಿರಾಕಿಗಳನ್ನು ಹಾಗೆ ಕೂಗಿ ಕರೆದಿದ್ದೇನೆ. ಆದರೆ ಪಣಜಿಯಲ್ಲಿ ಈ ಪಾಠ ಕೈಕೊಟ್ಟಿತು.

ಝುವಾರಿನಗರದ ಬಾಡಿಗೆ ಕೋಣೆಗಳನ್ನು ದಾಟಿ ನಾವು ಸ್ವಂತ ಬಾಗಿಲು ಕಂಡ ವರ್ಷ ಅದು. ಬಾಗಿಲ ಪಕ್ಕದ ಗೋಡೆಗೆ ನೀಲಿ ಚಿತ್ರದ ಟೈಲ್ ಬೇಕೆಂದು ಹೆಂಡತಿ ಹಟ ಹಿಡಿದಿದ್ದಳು. ಮನೆಗೆಂದು ಅವಳು ಕೇಳಿದ ಅಲಂಕಾರ ಅದೊಂದೇ.

ಮೊದಲು ಚಿತ್ರಗಳ ಮ್ಯೂಸಿಯಂಗೆ ಹೋದೆವು. ಇಬ್ಬರಿಗೂ ಸೇರಿಸಿ ಕಡಿಮೆ ಮಾಡಿ ಒಂದು ರೇಟು ಹೇಳಿ ಎಂದು ಟಿಕೆಟ್ ಕಿಟಕಿಯಲ್ಲಿ ಕೇಳಿದೆ. ಒಳಗಿನವನು ನನ್ನ ಹಿಂದಿದ್ದವರನ್ನು ಕರೆದ. ಒಳಗೂ ಸುಖವಿಲ್ಲ, ಯಾವ ಚಿತ್ರಕ್ಕೂ ಬೆಲೆ ಬರೆದಿಲ್ಲ. ಬೆಲೆಯಿಲ್ಲದ ವಸ್ತುವಿನ ಮುಂದೆ ನಿಂತು ಏನು ಮಾಡಬೇಕೋ ನನಗೆ ಇಂದಿಗೂ ತಿಳಿಯದು. ಗಾಜಿನ ಹಿಂದೆ ಹಳೆಯ ನೀಲಿ ಟೈಲುಗಳು ಕಂಡದ್ದೇ ಅವಳು ಅಲ್ಲೇ ನಿಂತಳು.

"ಇಂಥಾದ್ದ ಬೇಕ್ರಿ."

ಅಲ್ಲಿಂದ ಪೋರ್ತುಗೀಸರ ಕಾಲದ ಓಣಿಗೆ ನಡೆದೆವು. ಹಳದಿ, ಕೆಂಪು ಗೋಡೆಗಳ ಮುಂದೆ ಫೋಟೋಗೆ ನಿಂತವರು ದಾರಿಯನ್ನೇ ಕಟ್ಟಿದ್ದರು. ಒಂದು ಸಣ್ಣ ಅಂಗಡಿಯಲ್ಲಿ ನೀಲಿ ಹೂವಿನ ಟೈಲ್ ಸಿಕ್ಕಿತು. ನಾನು ಅರ್ಧ ಬೆಲೆ ಹೇಳಿದೆ. ಅಂಗಡಿಯ ವಯಸ್ಸಾದ ಹೆಂಗಸು ಆಗದೆಂದು ತಲೆಯಾಡಿಸಿದಳು. ಟೈಲ್ ಕೆಳಗಿಟ್ಟೆ.

"ಹೂವಿಂದು ಅದೊಂದ ಐತ್ರಿ," ಎಂದಳು ಹೆಂಡತಿ.

"ಗೊತ್ತೈತಿ. ಸಾವಕಾಶ ನಡಿ. ಹೊಳ್ಳಿ ನೋಡಬ್ಯಾಡ, ಈಗ ಕರೀತಾಳ."

ಹಿಂದಿನಿಂದ ಕೇಳಿಸಿದ್ದು ಚಿಲಕ ಹಾಕುವ ಸದ್ದು. ಮಧ್ಯಾಹ್ನದ ಊಟ, ನಿದ್ದೆ; ನಾಲ್ಕು ಗಂಟೆಯವರೆಗೆ ಓಣಿಯ ಅಂಗಡಿಗಳೆಲ್ಲ ಬಂದ್. ಗಿರಾಕಿ ಕಣ್ಣೆದುರಿಗಿದ್ದರೂ ಮಲಗಲು ಹೋಗುವುದು ಎಂಥ ವ್ಯಾಪಾರ!

"ಕರದಳೇನ್ರಿ?"

"ಮಡಗಾಂವ್ದಾಗ ಇದಕ್ಕಿಂತ ಚಲೋ ಸಿಗ್ತಾವು, ನಡಿ."

"ನೀವು ಹೋಗ್ರಿ. ಬ್ಯಾರೇದವರು ಒಯ್ದರ? ನಾ ಇಲ್ಲೇ ಕುಂಡ್ರತೇನಿ."

ಅಂಗಡಿಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ನಾನು ಎದುರಿನ ನೆರಳಲ್ಲಿ ಹಲ್ಲು ಕಡಿಯುತ್ತ ನಿಂತೆ. ಫೋಟೋಗೆ ಅಡ್ಡವಾಗುತ್ತೇನೆಂದು ಯಾರೋ ನನ್ನನ್ನು ಅಲ್ಲಿಂದಲೂ ಸರಿಸಿದರು.

ಕೊನೆಗೆ ಬಾಗಿಲು ತೆರೆಯಿತು. ನಾನು ಮುಂದೆ ಹೆಜ್ಜೆ ಇಟ್ಟೆ.

"ನೀವು ಹೊರಗ ನಿಂದರ್ರಿ!"

ಹೆಂಡತಿ ಒಬ್ಬಳೇ ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ ಟೈಲ್ ಎದೆಗವಚಿಕೊಂಡು ಬಂದಳು.

"ಕೇಳಿದಷ್ಟೂ ಕೊಟ್ಟಿಯೇನ?"

"ಹೂನ್ರಿ. ನಿಮ್ಮಂಗ ವಾದ ಮಾಡಿದ್ರ ಆಕಿ ಮತ್ತ ಮಲಗಾಕ ಹೊಕ್ಕಿದ್ಲು."

ಟೈಲ್ ಈಗ ಬಾಗಿಲ ಪಕ್ಕದಲ್ಲಿದೆ. ಬಂದವರು ಬೆಲೆ ಕೇಳಿದರೆ ನಾನು ಅರ್ಧ ಹೇಳುತ್ತೇನೆ. ಅಡುಗೆಮನೆಯಿಂದ ಅವಳು ಪೂರ್ತಿ ಹೇಳುತ್ತಾಳೆ.