ಎರಡು ಚುಕ್ಕೆ

ತೆನಾಲಿಯ ಚುಂಡೂರು ಪೇರಯ್ಯನವರು ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದವರು. ಯಾರ ಮಾತನ್ನೂ ನಂಬುವ ಜಾಯಮಾನ ಅವರದಲ್ಲ. ಅವರ ಮನೆಯ ಮಾಳಿಗೆಯಲ್ಲಿ ಇಪ್ಪತ್ತು ವರ್ಷದಿಂದ ಬಾಡಿಗೆಗಿರುವ ನನ್ನ ಮಾತನ್ನಂತೂ ಒಮ್ಮೆಯೂ ನಂಬಿಲ್ಲ.

ಮೊಮ್ಮಗಳು ಹಿಮಜಾಳಿಗೆ ಶುಕ್ರವಾರ ಟಾನ್ಸಿಲ್ ಆಪರೇಷನ್ ಇತ್ತು. ಪೇರಯ್ಯನವರ ಮಗ ಮದುವೆಯಾದದ್ದು ಅವರ ತಂಗಿ ಅನಸೂಯಮ್ಮನ ಮಗಳನ್ನೇ. ಹಾಗಾಗಿ ಹುಡುಗಿ ಅಣ್ಣ ತಂಗಿ ಇಬ್ಬರಿಗೂ ಮೊಮ್ಮಗಳು, ಎರಡೂ ಕಡೆಯಿಂದ ಒಂದೇ ರಕ್ತ. ಮನೆಯವರ ಭಯವೆಲ್ಲ ಆ ರಕ್ತದ ಬಗ್ಗೆಯೇ. ಮೂವತ್ತೈದು ವರ್ಷದ ಹಿಂದೆ ಆಪರೇಷನ್ನಿಗೆ ಮುಂಚೆ ಅನಸೂಯಮ್ಮನಿಗೆ ಕೊಟ್ಟ, ಸ್ನಾಯು ಸಡಿಲಿಸುವ ಇಂಜೆಕ್ಷನ್ನಿನ ಪ್ರಭಾವ ಇಳಿಯಲೇ ಇಲ್ಲ. ಐದು ನಿಮಿಷದಲ್ಲಿ ಮರಳಬೇಕಾದ ಉಸಿರು ಮೂರು ಗಂಟೆಯಾದರೂ ಬರಲಿಲ್ಲ. ಡಾಕ್ಟರು ಅಷ್ಟು ಹೊತ್ತೂ ಗಾಳಿಚೀಲ ಒತ್ತುತ್ತ ಕೂತಿದ್ದರು. ಆ ಮದ್ದನ್ನು ಕರಗಿಸಲಾರದ ದೋಷ ವಂಶದಲ್ಲೇ ಇರಬಹುದೆಂದು ಆಮೇಲೆ ಹೇಳಿದ್ದರು.

ಹಿಮಜಾಳ ಎಂಜಲಿನ ಪರೀಕ್ಷೆಯಿಂದ ಅವಳ ವಂಶವಾಹಿಯ ಅಕ್ಷರಗಳೆಲ್ಲ ಒಂದು ಫೈಲಾಗಿ ಮನೆಗೆ ಬಂದಿದ್ದವು. ಅದನ್ನು ತಾವೇ ಓದಬೇಕೆಂದು ಪೇರಯ್ಯನವರು ಉಚಿತ ತಂತ್ರಾಂಶಗಳನ್ನು ಹುಡುಕಿದರು. ಮೊದಲನೆಯದು ದೊಡ್ಡ ಹಸಿರು ಗುರುತು ತೋರಿಸಿತು.

"ಬಣ್ಣ ಬಳ್ಕೊಂಡು ಮಾತಾಡೋದನ್ನ ನಂಬಬಾರದು" ಎಂದು ಅದನ್ನು ಅಳಿಸಿಹಾಕಿದರು. ಎರಡನೆಯದರಲ್ಲಿ ಬಣ್ಣವಿಲ್ಲ, ಬರೀ ಸಾಲುಗಳು. ದೋಷವಿಲ್ಲದ ಕಡೆ ಸೊನ್ನೆ, ಇರುವ ಕಡೆ ಒಂದು. ಆ ಇಂಜೆಕ್ಷನ್ನಿನ ಸಾಲಿನಲ್ಲಿ ಮಾತ್ರ ಎರಡು ಚುಕ್ಕೆಗಳಿದ್ದವು.

"ಚುಕ್ಕೆ ಕಣಯ್ಯಾ!" ಪೇರಯ್ಯನವರು ಕೂಗಿದರು. ಅಂಗಡಿಯ ಪಟ್ಟಿಯಲ್ಲಿ ಮುಗಿದ ಮಾತ್ರೆಯ ಮುಂದೆ ಅವರು ಹಾಕುತ್ತಿದ್ದದ್ದೂ ಚುಕ್ಕೆಯೇ. "ಚುಕ್ಕೆ ಅಂದ್ರೆ ಇಲ್ಲ. ದೋಷ ಇಲ್ಲ!"

ನನಗೆ ಸಮಾಧಾನವಾಗಲಿಲ್ಲ. ಚಿತ್ರ ಬಿಡಿಸಿ ತೋರಿಸುವ ಮೂರನೆಯ ತಂತ್ರಾಂಶ ಹಾಕಿಸಿದೆ. ಎಲ್ಲೆಡೆ ಅಕ್ಷರಗಳ ರಾಶಿ. ಆ ಜಾಗದಲ್ಲಿ ಮಾತ್ರ ಬಿಳೀ ತೂತು.

"ಇಲ್ಲ ಅಂತಲ್ಲ ರಾಯರೇ, ಯಂತ್ರ ಅಲ್ಲಿ ಓದೇ ಇಲ್ಲ" ಎಂದೆ.

"ಖಾಲಿ ಅಂದ್ರೆ ಖಾಲಿ. ಸುಮ್ನಿರಯ್ಯ."

ನಮ್ಮ ಹಿಂದೆ ಕೂತು ಗೋಂಗೂರ ಸೊಪ್ಪು ಬಿಡಿಸುತ್ತಿದ್ದ ಅನಸೂಯಮ್ಮ ಬುಟ್ಟಿ ಕೆಳಗಿಟ್ಟರು.

"ಅಣ್ಣಯ್ಯಾ, ಅವತ್ತು ನನ್ನನ್ನೂ ನೀನು ಹಿಂಗೇ ಓದಿದ್ದೆ."

"ಏನಂದೆ?"

"ಬಾಗಿಲಲ್ಲಿ ನಿಂತು, 'ಅನಸೂಯ ಇನ್ನಿಲ್ಲ, ಭಾವಂಗೆ ತಂತಿ ಕಳಿಸಿ' ಅಂದೆಯಲ್ಲ. ನಿನ್ನ ಚಪ್ಪಲಿ ಸದ್ದು ದೂರ ಹೋಗಿದ್ದೂ ಕೇಳಿಸ್ತು. ಬದುಕಿದ್ದೀನಿ ಅಂತ ಹೇಳೋಣ ಅಂದ್ರೆ ರೆಪ್ಪೆ ಕೂಡ ಅಲ್ಲಾಡ್ತಿರಲಿಲ್ಲ."

ಇದನ್ನು ಅವರು ಮೂವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಪೇರಯ್ಯನವರು ಪರದೆಯ ಮೇಲಿನ ಆ ಬಿಳಿಯನ್ನೇ ನೋಡುತ್ತ ಡಾಕ್ಟರಿಗೆ ಫೋನ್ ಮಾಡಿದರು.

ರಕ್ತ ಪರೀಕ್ಷೆಯಲ್ಲಿ ದೋಷವಿರುವುದು ಖಚಿತವಾಯಿತು. ಡಾಕ್ಟರು ಆ ಇಂಜೆಕ್ಷನ್ ಬಿಟ್ಟು ಬೇರೆಯದು ಕೊಟ್ಟರು.

ಆಪರೇಷನ್ ಮುಗಿದ ಮೇಲೆ ಹಿಮಜಾ ತಾನಾಗಿಯೇ ಉಸಿರಾಡುತ್ತ ಅಲುಗಾಡದೆ ಮಲಗಿದ್ದಳು. ಚಪ್ಪಲಿ ಸದ್ದು ಮಾಡುತ್ತ ಬಾಗಿಲಿಗೆ ಬಂದ ಪೇರಯ್ಯನವರು ಏನೋ ಹೇಳಲು ಬಾಯಿ ತೆರೆದರು. ಅನಸೂಯಮ್ಮ ತುಟಿಯ ಮೇಲೆ ಬೆರಳಿಟ್ಟು, ಬಗ್ಗಿ ಹುಡುಗಿಯ ಕಿವಿಯಲ್ಲಿ, "ನಾವೆಲ್ಲ ಇಲ್ಲೇ ಇದ್ದೀವಿ ಕಣೇ" ಎಂದರು. ಪೇರಯ್ಯನವರು ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಂತರು.

ಕಣ್ಣು ಮುಚ್ಚಿಕೊಂಡೇ ಹಿಮಜಾ ಕೇಳಿದಳು: "ಅಮ್ಮಮ್ಮಾ, ತಾತ ಹೊರಟುಹೋದ್ರಾ? ಚಪ್ಪಲಿ ಸದ್ದು ನಿಂತುಹೋಯ್ತಲ್ಲ."